ಮೂರು ಬೆರಳಿನ ಬಾಯಿ, ಒಂದೆಳೆ ಬೆಳಕು

ಬಾಯಿ ಪೂರಾ ತೆರೆದರೆ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರೂ ಒಂದರ ಮೇಲೊಂದು ನಿಂತು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಹಿಡಿಸಬೇಕು. ಅಳತೆಗೆ ಅವರವರ ಕೈಬೆರಳೇ ಸಾಕು. ಮೂರು ಹಿಡಿಸಿದರೆ ದವಡೆ ಸಲೀಸಾಗಿದೆ ಎಂದು ಲೆಕ್ಕ. ಎರಡೇ ಹಿಡಿಸಿ, ಕೆನ್ನೆಯ ಒಳಮೈ ಬೆರಳಿಗೆ ಹುರಿ ಹಗ್ಗದಂತೆ ಬಿಗಿಯಾಗಿ ಸಿಕ್ಕಿತೆಂದರೆ ಹಲ್ಲಿನ ಡಾಕ್ಟರು ಮೊದಲು ಕೇಳುವುದು, ‘ಏನು ಜಗೀತೀರ? ಎಷ್ಟು ವರ್ಷದಿಂದ?’

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಒಂದಲ್ಲ ಒಂದು ಉತ್ತರ ಇದ್ದೇ ಇರುತ್ತದೆ. ಹಿರಿಯ ಹೆಂಗಸರದು ಎಲಡಿಕೆ, ಸುಣ್ಣ, ಜೊತೆಗೆ ಒಂದು ಚಿಟಿಕೆ ಕಡ್ಡಿಪುಡಿ. ಹೊಲದ ಕೆಲಸ ಮುಗಿಯುವ ತನಕ ಅದು ದವಡೆಯ ಮೂಲೆಯಲ್ಲಿ ಒತ್ತರಿಸಿಕೊಂಡಿರುತ್ತದೆ. ಕೆಲವರಿಗೆ ನಿದ್ದೆಯಲ್ಲೂ ಅದು ಅಲ್ಲೇ ಇರಬೇಕು. ಹುಡುಗರದು ಅಂಗಡಿ ಮುಂದೆ ಸರದಂತೆ ತೂಗುವ ಪೊಟ್ಟಣ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬರತೊಡಗಿದವು. ಎರಡೂ ಸೇರುವುದು ಅಂಗೈಯಲ್ಲಿ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ಬಗೆಯಲ್ಲಿ ತಂಬಾಕು ಬಳಸುತ್ತಾರೆ. ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3.

ಈ ಸೀಮೆಯ ಹೆಸರೇ ಹೊಗೆಸೊಪ್ಪಿನೊಂದಿಗೆ ಬೆರೆತಿದೆ. ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಶಾಖೆ ಹುಣಸೂರಿಗೆ ಬಂದದ್ದು 1957ರಲ್ಲಿ. ಮುಂಗಾರಿನ ಹದ ನೋಡಿ ಸಸಿ ನಾಟಿ, ಆಮೇಲೆ ಎಲೆ ಮುರಿದು ಬ್ಯಾರನ್‌ನಲ್ಲಿ ಬೇಯಿಸುವುದು, ಕೊನೆಗೆ ಬೇಲ್ ಕಟ್ಟಿ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗೆ ಸಾಗಿಸುವುದು: ಇಲ್ಲಿಯ ಎಷ್ಟೋ ಮನೆಗಳ ಮದುವೆ, ಸಾಲ, ಶಾಲೆಯ ಫೀಜು ಈ ಲೆಕ್ಕದ ಮೇಲೆ ನಡೆಯುತ್ತವೆ. ಆದರೆ ಇಲ್ಲಿ ಬೆಳೆಯುವ ವರ್ಜೀನಿಯಾ ಸಿಗರೇಟಿನ ಎಲೆ. ಅದರಲ್ಲಿ ಬಹಳಷ್ಟು ಹೊರದೇಶಕ್ಕೆ ಹೋಗುತ್ತದೆ. ಬಾಯಿಗೆ ಹಾಕಿಕೊಳ್ಳುವ ಕಡ್ಡಿಪುಡಿ ಬೇರೆ ಜಾತಿಯದು, ಬೇರೆ ಊರಿನದು. ಬೆಳೆಯನ್ನು ದೂರಿದರೆ ಬಾಯಿಯ ಕಥೆ ಮುಗಿಯುವುದಿಲ್ಲ. ದವಡೆ ಬಿಗಿಯುವ ರೋಗದ ಮೂಲವಂತೂ ಅಡಿಕೆಯಲ್ಲಿದೆ.

ಈ ಬಾಯಿಗಳಿಗೆ ಲೇಸರ್ ಏನು ಮಾಡಬಲ್ಲದು? ಪಟ್ಟಣದ ದಂತ ಚಿಕಿತ್ಸಾಲಯಗಳ ಬೋರ್ಡುಗಳಲ್ಲಿ ‘ಲೇಸರ್ ಚಿಕಿತ್ಸೆ ಲಭ್ಯ’ ಎಂಬ ಸಾಲು ಈಗ ಅಪರೂಪವಲ್ಲ. ನೋವಿಲ್ಲ, ರಕ್ತವಿಲ್ಲ, ಹೊಲಿಗೆಯಿಲ್ಲ ಎಂಬುದು ಅದರ ಕೆಳಗಿನ ಸಾಲು. ಅದರಲ್ಲಿ ನಿಜವೂ ಇದೆ, ಉತ್ಪ್ರೇಕ್ಷೆಯೂ ಇದೆ.

ಭತ್ತ ಎರಚಿದ ಗದ್ದೆ, ಸಾಲು ಹಿಡಿದು ನಾಟಿ ಮಾಡಿದ ಗದ್ದೆ ಎರಡನ್ನೂ ಕೆ.ಆರ್. ನಗರದವರು ಕಂಡಿರುತ್ತಾರೆ. ಬಲ್ಬಿನ ಬೆಳಕು ಎರಚಿದ ಭತ್ತ: ಹಲವು ಬಣ್ಣ, ಹಲವು ದಿಕ್ಕು. ಲೇಸರ್ ಸಾಲು ನಾಟಿ: ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ಹೆಜ್ಜೆ. ಇಂಥ ಬೆಳಕಿಗೆ ಬೇಕಾದ ತತ್ವವನ್ನು ಐನ್‌ಸ್ಟೈನ್ 1917ರಲ್ಲೇ ಕಾಗದದ ಮೇಲೆ ಬರೆದಿದ್ದರು. ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಅದನ್ನು ಹೊಮ್ಮಿಸಿ ತೋರಿಸಿದ್ದು 1960ರ ಮೇ 16ರಂದು. ಐದೇ ವರ್ಷಕ್ಕೆ ಅದು ಹಲ್ಲಿನ ಮೇಲೆ ಬಿತ್ತು. ಅಮೆರಿಕದ ಚರ್ಮವೈದ್ಯ ಲಿಯೊನ್ ಗೋಲ್ಡ್‌ಮನ್ 1965ರಲ್ಲಿ ತನ್ನ ಸಹೋದರನ ಹಲ್ಲಿಗೇ ಮಾಣಿಕ್ಯದ ಲೇಸರ್ ಹಾಯಿಸಿದರು. ಆ ಸಹೋದರ ಸ್ವತಃ ದಂತವೈದ್ಯ. ನೋವಾಗಲಿಲ್ಲ, ಹಲ್ಲಿನ ಮೇಲ್ಮೈ ಮಾತ್ರ ಸ್ವಲ್ಪ ಕೆಟ್ಟಿತು ಎಂದು ವರದಿಯಾಯಿತು.

ಅದೇ ವರ್ಷ ಜ್ಯಾಕ್ ಮತ್ತು ಕೋಹೆನ್ ಎಂಬಿಬ್ಬರು ಕೋತಿಗಳ ಹಲ್ಲಿನ ಮೇಲೆ ನಡೆಸಿದ ಪ್ರಯೋಗವೂ ಪ್ರಕಟವಾಯಿತು. ಹಲ್ಲಿನ ಒಳಗಿನ ಜೀವಭಾಗದ ಬಿಸಿ ಬರೀ 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಸಾಕು, ನೂರಕ್ಕೆ ಸುಮಾರು ಹದಿನೈದು ಹಲ್ಲುಗಳಲ್ಲಿ ಆ ಭಾಗ ಚೇತರಿಸಿಕೊಳ್ಳಲಿಲ್ಲ. ಹಲ್ಲು ಕೊರೆಯುವ ಲೇಸರ್ ಬರಲು ಮೂರು ದಶಕ ತಡವಾದದ್ದಕ್ಕೆ ಈ ಬಿಸಿಯ ಭಯ ದೊಡ್ಡ ಕಾರಣ.

ಭಾರತೀಯರು ನೆನಪಿಡಬೇಕಾದ ಇನ್ನೊಂದು ಹೆಸರಿದೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1964ರಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಲೇಸರ್ ತೆಗೆದರು. ನೀರು ತುಂಬಿದ ಮಾಂಸವನ್ನು ಅದು ಚೊಕ್ಕಟವಾಗಿ ಕತ್ತರಿಸುತ್ತದೆ. ಬಾಯಿಯೊಳಗಿನ ಬಿಳಿ ಮಚ್ಚೆಗಳನ್ನು ತೆಗೆಯಲು ಶಸ್ತ್ರವೈದ್ಯರು ಬಹುಕಾಲದಿಂದ ನೆಚ್ಚಿಕೊಂಡದ್ದು ಇದೇ ಬೆಳಕನ್ನು.

ಲೇಸರ್ ಎಂಬುದು ಒಂದು ಯಂತ್ರದ ಹೆಸರಲ್ಲ, ಒಂದು ಕುಲದ ಹೆಸರು. ಯಾವ ಬೆಳಕನ್ನು ಯಾವ ವಸ್ತು ಕುಡಿಯುತ್ತದೆ ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ಎರ್ಬಿಯಂ ಲೇಸರಿನ ಬೆಳಕನ್ನು (2,940 ನ್ಯಾನೊಮೀಟರ್) ನೀರು ಗಟಗಟ ಕುಡಿಯುತ್ತದೆ. ಹಲ್ಲಿನೊಳಗಿನ ನೀರಿನಂಶ ಕ್ಷಣಮಾತ್ರದಲ್ಲಿ ಆವಿಯಾಗಿ ಸಿಡಿದು, ಜೊತೆಗೆ ಹಲ್ಲಿನ ಕಣಗಳನ್ನೂ ಹಾರಿಸುತ್ತದೆ. ಹುಳುಕಾದ ಭಾಗದಲ್ಲಿ ನೀರು ಹೆಚ್ಚು, ಗಟ್ಟಿ ಭಾಗದಲ್ಲಿ ಕಡಿಮೆ. ಹೀಗಾಗಿ ಹುಳುಕೇ ಬೇಗ ಹೋಗುತ್ತದೆ. ಬಿಸಿಯಾಗದಿರಲಿ ಎಂದು ನೀರಿನ ತುಂತುರು ಬಿಡುತ್ತಲೇ ಇರಬೇಕು. ಡ್ರಿಲ್ಲಿನ ಕಿರ್ ಸದ್ದಿಲ್ಲ, ಪಟಪಟ ಎಂಬ ಸಣ್ಣ ಸಿಡಿತ ಮಾತ್ರ. ಅಮೆರಿಕದಲ್ಲಿ 1997ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಬೆಲೆ ಹತ್ತಾರು ಲಕ್ಷ ರೂಪಾಯಿ. ತಾಲ್ಲೂಕು ಕೇಂದ್ರದ ಸಣ್ಣ ಕ್ಲಿನಿಕ್ಕಿಗೆ ಇದು ಸುಲಭದ ಮಾತಲ್ಲ.

ಬೋರ್ಡಿನಲ್ಲಿ ‘ಲೇಸರ್’ ಎಂದಿರುವ ಕಡೆ ಬಹುಪಾಲು ಇರುವುದು ಡಯೋಡ್ ಲೇಸರ್. ಮೇಜಿನ ಮೇಲೆ ಕೂರುವ ಪುಟ್ಟ ಪೆಟ್ಟಿಗೆ, ಅದರಿಂದ ಹೊರಟ ಗಾಜಿನ ಎಳೆ, ತುದಿ ಕೂದಲಿನ ಕೆಲವೇ ಪಟ್ಟು ದಪ್ಪ. ಇದರ ಬೆಳಕು (810ರಿಂದ 980 ನ್ಯಾನೊಮೀಟರ್) ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ಬೀಳುತ್ತಿದೆ ಎಂದು ತೋರಿಸಲು ಕೆಂಪು ಚುಕ್ಕಿಯೊಂದನ್ನು ಜೊತೆಗೆ ಬಿಟ್ಟಿರುತ್ತಾರೆ. ಈ ಬೆಳಕನ್ನು ಕುಡಿಯುವುದು ರಕ್ತದ ಕೆಂಪು ಮತ್ತು ಚರ್ಮದ ಕಪ್ಪು. ಕತ್ತರಿಸುವ ಮೊದಲು ವೈದ್ಯರು ತುದಿಯನ್ನು ಬಣ್ಣದ ಕಾಗದಕ್ಕೋ ಬೆಂಡಿನ ಚೂರಿಗೋ ಮುಟ್ಟಿಸಿ ಕಪ್ಪಾಗಿಸಿಕೊಳ್ಳುತ್ತಾರೆ. ಆ ಕಪ್ಪಿನಲ್ಲಿ ಬೆಳಕು ಬಿಸಿಯಾಗಿ ನಿಲ್ಲುತ್ತದೆ, ವಸಡನ್ನು ಕತ್ತರಿಸುವುದು ಬಹುತೇಕ ಆ ಬಿಸಿಯೇ. ಕತ್ತರಿಸುತ್ತಲೇ ರಕ್ತನಾಳದ ಬಾಯಿ ಮುಚ್ಚುವುದರಿಂದ ರಕ್ತ ಹರಿಯುವುದಿಲ್ಲ. ಹೃದಯದ ತೊಂದರೆಗೆ ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಇದು ದೊಡ್ಡ ಅನುಕೂಲ.

ಹಲ್ಲು ಕೊರೆಯಲು ಮಾತ್ರ ಡಯೋಡ್ ಬಾರದು. ಹಲ್ಲು ಕೀಳುವುದಕ್ಕೆ ಇಕ್ಕಳವೇ ಬೇಕು, ಹಲ್ಲಿನ ಪಾಚಿ ತೆಗೆಯಲು ಹಳೆಯ ಸಲಕರಣೆಯೇ ಸರಿ. ವಸಡಿನ ರೋಗಕ್ಕೆ ಸಾಮಾನ್ಯ ಶುಚಿಯ ಜೊತೆ ಲೇಸರನ್ನೂ ಸೇರಿಸಿದರೆ ಎಷ್ಟು ಲಾಭ ಎಂದು ಅಮೆರಿಕದ ಪೆರಿಯೊಡಾಂಟಾಲಜಿ ಅಕಾಡೆಮಿ 2018ರಲ್ಲಿ ಇದ್ದ ಅಧ್ಯಯನಗಳನ್ನೆಲ್ಲ ತೂಗಿ ನೋಡಿತು. ಸಿಕ್ಕ ಹೆಚ್ಚುವರಿ ಲಾಭ ಒಂದು ಮಿಲಿಮೀಟರಿಗೂ ಕಡಿಮೆ. ಇಷ್ಟಕ್ಕಾಗಿ ಹೆಚ್ಚು ಹಣ ಕೊಡಬೇಕೇ ಎಂದು ರೋಗಿ ಕೇಳಿದರೆ ತಪ್ಪೇನಿಲ್ಲ. ಕಪ್ಪು ವಸಡನ್ನು ಗುಲಾಬಿ ಮಾಡುವ ಕೆಲಸವೂ ಹೀಗೆಯೇ. ನಮ್ಮ ಸೀಮೆಯ ಜನರ ಕಂದು ವಸಡು ರೋಗವಲ್ಲ, ಮೈಬಣ್ಣದ ಮುಂದುವರಿಕೆ. ಅದನ್ನು ಸುಡಿಸಿಕೊಳ್ಳಲು ಹುಣಸೂರಿನಿಂದ ಬಸ್ಸು ಹತ್ತಿ ಹೋಗಬೇಕಾದ ಅಗತ್ಯ ಯಾರಿಗೂ ಇಲ್ಲ.

ಅಗತ್ಯವಿರುವುದು ಬೇರೆಯವರಿಗೆ. ನಾಲಗೆಯ ಕೆಳಗಿನ ಪಟ್ಟಿ ಗಿಡ್ಡವಾಗಿ ಮಾತು ತೊದಲುವ ಮಗುವಿಗೆ, ಅರೆಬರೆ ಮೂಡಿದ ಬುದ್ಧಿಹಲ್ಲಿನ ಮೇಲಿನ ಮಾಂಸ ಪದೇಪದೇ ಕೀವಾಗುವವರಿಗೆ, ಹಲ್ಲಿನ ಸೆಟ್ಟು ಒತ್ತಿ ಒತ್ತಿ ವಸಡಿನಲ್ಲಿ ಮಾಂಸದ ಮಡಿಕೆ ಬೆಳೆದ ಅಜ್ಜಿಗೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಿಸುವ ‘ದಂತ ಭಾಗ್ಯ’ ಯೋಜನೆ ರಾಜ್ಯದಲ್ಲಿ ಬಂದಿದೆ. ಆದರೆ ಸೆಟ್ಟು ಕೂರಬೇಕಾದರೆ ಆ ಮಡಿಕೆ ಮೊದಲು ಹೋಗಬೇಕು. ಹತ್ತು ಹದಿನೈದು ನಿಮಿಷದ ಕೆಲಸ, ಹೊಲಿಗೆ ಬೇಡ. ಸಣ್ಣದಕ್ಕೆ ಮರಗಟ್ಟಿಸುವ ಮುಲಾಮೇ ಸಾಕಾಗಬಹುದು, ದೊಡ್ಡದಕ್ಕೆ ಇಂಜೆಕ್ಷನ್ ತಪ್ಪದು. ಗಾಯದ ಮೇಲೆ ಕೆಲವು ದಿನ ಹಳದಿ ಬಿಳುಪಿನ ಪೊರೆ ಕೂರುತ್ತದೆ. ಅದು ಕೀವೆಂದು ಹೆದರಿ ಉಜ್ಜಿ ತೆಗೆಯುವವರಿದ್ದಾರೆ. ಗಾಯ ಮಾಯುವ ಬಗೆಯೇ ಹಾಗೆ.

ಇನ್ನು ಬಿಳಿ ಮಚ್ಚೆ. ಕಡ್ಡಿಪುಡಿ ಒತ್ತರಿಸುವ ಜಾಗದಲ್ಲೇ ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳುಪು ಕಾಣಿಸಿಕೊಳ್ಳುತ್ತದೆ. ವೈದ್ಯರು ಲ್ಯೂಕೊಪ್ಲಾಕಿಯಾ ಎನ್ನುತ್ತಾರೆ. ನೋವಿಲ್ಲ, ಉರಿಯಿಲ್ಲ, ಹಾಗಾಗಿ ತೋರಿಸುವವರೂ ಇಲ್ಲ. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಯಾವುದು ಎಂದು ಹೊರಗಣ್ಣಿಗೆ ತಿಳಿಯುವುದಿಲ್ಲ. ಲೇಸರ್ ಇದನ್ನು ಚೆನ್ನಾಗಿ ತೆಗೆಯಬಲ್ಲದು, ನಿಜ. ಆದರೆ ಮಚ್ಚೆಯ ಚೂರು ಮೊದಲು ಪರೀಕ್ಷೆಗೆ ಹೋಗಲೇಬೇಕು. ಬೆಳಕಿನಿಂದ ಪೂರಾ ಸುಟ್ಟು ಆವಿ ಮಾಡಿದರೆ ಪ್ರಯೋಗಾಲಯಕ್ಕೆ ಕಳಿಸಲು ಏನೂ ಉಳಿಯುವುದಿಲ್ಲ, ಒಳಗೆ ಕ್ಯಾನ್ಸರ್ ಇತ್ತೇ ಎಂಬುದೂ ಹೊಗೆಯ ಜೊತೆಗೇ ಹೋಗುತ್ತದೆ. ತೆಗೆದ ಮಚ್ಚೆ ಮತ್ತೆ ಬರುವುದೂ ಉಂಟು, ಅದರಲ್ಲೂ ಚಟ ಮುಂದುವರಿದರೆ. ‘ಬಯಾಪ್ಸಿ ಕಳಿಸಿದ್ದೀರಾ ಡಾಕ್ಟ್ರೇ?’ ಎಂದು ಮನೆಯವರು ಕೇಳುವುದನ್ನು ಕಲಿತರೆ ಜೀವ ಉಳಿಯುವ ಸಂದರ್ಭಗಳಿವೆ.

ಎರಡು ಬೆರಳಿನ ಬಾಯಿಯ ರೋಗವೇ ಬೇರೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿದ್ದ ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿದರು. ಮರುವರ್ಷವೇ ಮುಂಬೈಯ ಜೋಶಿ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಹೆಸರು ಬಳಸಿದರು. ಅಡಿಕೆಯ ರಸದಿಂದ ಒಳಚರ್ಮದ ಕೆಳಗೆ ನಾರು ಕಟ್ಟುತ್ತಾ ಹೋಗುತ್ತದೆ. ಮೊದಲ ಸುಳಿವು ಉರಿ. ನಿನ್ನೆಯವರೆಗೂ ಉಪ್ಸಾರಿನ ಖಾರ ನೆಂಚಿಕೊಂಡು ಉಂಡವರಿಗೆ ಇವತ್ತು ಬರೀ ಮಜ್ಜಿಗೆ ಅನ್ನ ಬೇಕಾಗುತ್ತದೆ. ಆಮೇಲೆ ಮುದ್ದೆಯ ತುತ್ತು ಸಣ್ಣದಾಗುತ್ತದೆ, ಸಿಳ್ಳೆ ಹೊಡೆಯಲು ಬಾರದು, ಬಾಯಿ ತೆರೆದು ಹಲ್ಲಿನ ಡಾಕ್ಟರಿಗೆ ತೋರಿಸಲೂ ಆಗದು. ಇಲ್ಲಿ ಲೇಸರ್ ಮಾಡುವುದು ಕೆನ್ನೆಯೊಳಗಿನ ಬಿಗಿದ ನಾರಿನ ಪಟ್ಟಿಗಳನ್ನು ಕತ್ತರಿಸಿ ಬಿಡಿಸುವ ಕೆಲಸ. ಡಯೋಡ್, ಎರ್ಬಿಯಂ ಎರಡನ್ನೂ ಭಾರತದ ವೈದ್ಯರು ಇದಕ್ಕೆ ಬಳಸಿ ವರದಿ ಮಾಡಿದ್ದಾರೆ. ಎಲ್ಲ ಹಂತದ ರೋಗಿಗೂ ಇದು ಹೊಂದುವುದಿಲ್ಲ. ತೀರಾ ಬಿಗಿದ ದವಡೆಗೆ ದೊಡ್ಡ ಶಸ್ತ್ರಚಿಕಿತ್ಸೆಯೇ ಗತಿ.

ಕರ್ನಾಟಕದಲ್ಲಿ ಲೇಸರ್ ಮತ್ತು ಬಾಯಿ ಕೂಡಿದ ಅತ್ಯಂತ ಗಟ್ಟಿ ಕೆಲಸ ನಡೆದಿರುವುದು ಮಣಿಪಾಲದಲ್ಲಿ, ಅದೂ ಕತ್ತರಿಸದ ಲೇಸರಿನಲ್ಲಿ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಬಾಯಿಯ ಒಳಗೆಲ್ಲ ಹುಣ್ಣಾಗಿ ನೀರು ನುಂಗುವುದೂ ಕಷ್ಟ. 221 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಹೀಲಿಯಂ-ನಿಯಾನ್ ಲೇಸರಿನ ತಂಪಾದ ಕೆಂಪು ಬೆಳಕು, ಇನ್ನೊಂದಕ್ಕೆ ತೋರಿಕೆಯ ಚಿಕಿತ್ಸೆ ಕೊಟ್ಟು ನೋಡಿದ ಅಧ್ಯಯನವನ್ನು ಅಲ್ಲಿಯ ತಂಡ 2012ರಲ್ಲಿ ಪ್ರಕಟಿಸಿತು. ನಿಜವಾದ ಬೆಳಕು ಸಿಕ್ಕವರಲ್ಲಿ ತೀವ್ರ ಹುಣ್ಣು, ನೋವು, ನುಂಗುವ ತೊಂದರೆ ಎಲ್ಲವೂ ಕಡಿಮೆಯಾಗಿದ್ದವು. ಅಫೀಮು ಜಾತಿಯ ನೋವುಮದ್ದಿನ ಬಳಕೆಯೂ ತಗ್ಗಿತ್ತು. ಇಂಥ ಬೆಳಕಿನ ಚಿಕಿತ್ಸೆಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಈಗ ಒಪ್ಪಿವೆ. ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವನ್ನು ಲೇಸರಿನ ನೆರವಿನಿಂದ ಬಳಸಿ, ಬಾಯಿಯ ಆರೋಗ್ಯವಂತ ಅಂಗಾಂಶ ಯಾವುದು, ಕ್ಯಾನ್ಸರಿನತ್ತ ಹೊರಟದ್ದು ಯಾವುದು ಎಂದು ಬೇರ್ಪಡಿಸುವ ಅಧ್ಯಯನವನ್ನೂ ಮಣಿಪಾಲದವರು 2006ರಲ್ಲಿ ಪ್ರಕಟಿಸಿದ್ದರು.

ನಾಲ್ಕು ತಾಲ್ಲೂಕುಗಳಿಗೆ ಮಣಿಪಾಲ ದೂರ, ಮೈಸೂರೇ ಹತ್ತಿರ. ಅಲ್ಲಿ 1987ರಲ್ಲಿ ಶುರುವಾದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿದೆ, ಫಾರೂಕಿಯಾ ಕಾಲೇಜಿದೆ. ಕೆ.ಆರ್. ನಗರದವರಿಗೆ ರೈಲುಂಟು. ಹುಣಸೂರಿನಿಂದ ಒಂದು ಗಂಟೆಯ ಬಸ್ಸು, ಪಿರಿಯಾಪಟ್ಟಣದಿಂದ ಇನ್ನೂ ಹೆಚ್ಚು. ಕಾಡಂಚಿನ ಜೇನುಕುರುಬರ ಹಾಡಿಯಿಂದ ಹೊರಟವರಿಗೆ ಎಚ್.ಡಿ. ಕೋಟೆಯ ಬಸ್ ನಿಲ್ದಾಣ ಮುಟ್ಟುವುದೇ ಅರ್ಧ ದಿನದ ಕೆಲಸ. 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಾ ಹಾಡಿಗಳ ತನಕ ಹೋದದ್ದು ಈ ದೂರವನ್ನು ಅರಿತೇ. ಡಯೋಡ್ ಪೆಟ್ಟಿಗೆ ಒಂದೆರಡು ಕಿಲೋ ತೂಗುತ್ತದೆ, ಬೆಲೆ ಕೆಲವು ಲಕ್ಷ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಇದು ನಿಲುಕದ್ದೇನಲ್ಲ. ಬೇಕಾದದ್ದು ಅದನ್ನು ಹಿಡಿಯಲು ತರಬೇತಿ ಪಡೆದ ಕೈ. ಕೋಣೆಯಲ್ಲಿರುವ ಎಲ್ಲರಿಗೂ, ರೋಗಿಗೂ ಸೇರಿ, ಆ ತರಂಗಕ್ಕೆ ತಕ್ಕ ಕನ್ನಡಕ ಬೇಕು. ಕಾಣದ ಬೆಳಕು ಕಣ್ಣಿನ ಪರದೆ ಸುಟ್ಟರೆ ಮರಳಿ ಬಾರದು. ಹೊಗೆಯನ್ನು ಹೀರುವ ನಳಿಗೆ ಪಕ್ಕದಲ್ಲೇ ಇರಬೇಕು.

ಬಿಗಿದ ದವಡೆಯನ್ನು ಬಿಡಿಸಿದ ದಿನಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ವ್ಯಾಯಾಮ ಬಿಟ್ಟರೆ ನಾರು ಮತ್ತೆ ಕಟ್ಟುತ್ತದೆ, ಅಡಿಕೆ ಬಿಡದಿದ್ದರೆ ಇನ್ನೂ ಬೇಗ. ವೈದ್ಯರು ಕೊಟ್ಟು ಕಳಿಸುವ ಸಾಧನ ಬೆಲೆಯಿಲ್ಲದ್ದು: ಐಸ್‌ಕ್ರೀಮ್ ಕಡ್ಡಿಗಳ ಒಂದು ಕಟ್ಟು. ಒಂದರ ಮೇಲೊಂದು ಪೇರಿಸಿ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ ಇಟ್ಟು, ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಹಿಡಿಯಬೇಕು. ಕಡ್ಡಿಯೊಂದು ಸುಮಾರು ಎರಡು ಮಿಲಿಮೀಟರ್ ದಪ್ಪ. ಹತ್ತು ಕಡ್ಡಿ ಹಿಡಿಸುವಲ್ಲಿಗೆ ಮುದ್ದೆಯ ಸಣ್ಣ ತುತ್ತು ಒಳಗೆ ಹೋಗುತ್ತದೆ. ಹತ್ತೊಂಬತ್ತು ಇಪ್ಪತ್ತು ಕಡ್ಡಿ ಆದ ದಿನ ಕಡ್ಡಿ ಕೆಳಗಿಟ್ಟು, ಮತ್ತೊಮ್ಮೆ ಮೂರು ಬೆರಳು ಹಿಡಿದು ನೋಡಬಹುದು.