ಗಾಂಜಾ ಗಿಡವನ್ನು ಗುರುತಿಸುವುದು ಹೇಗೆ?

ಗಾಂಜಾ, ಸೀಳೆಲೆಯ ಪುಂಡಿ ಮತ್ತು ಲಕ್ಕಿ ಗಿಡಗಳ ಎಲೆ ಬೆರಳು ಬಿಡಿಸಿದ ಅಂಗೈಯಂತಿರುವುದರಿಂದ ದೂರಕ್ಕೆ ಒಂದೇ ಬಗೆಯಾಗಿ ಕಾಣುವುದುಂಟು. ಹತ್ತಿರದಿಂದ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಗಾಂಜಾ: ತೊಟ್ಟಿನ ತುದಿಯಿಂದ ಸಾಮಾನ್ಯವಾಗಿ 5ರಿಂದ 9 ಕಿರುಎಲೆಗಳು ಬಿಡಿಬಿಡಿಯಾಗಿ ಹೊರಡುತ್ತವೆ. ಅಂಚು ಗರಗಸದಂತಿರುತ್ತದೆ. ಹೂ ಸಣ್ಣದು, ಹಸಿರು, ದಳಗಳಿಲ್ಲ.

ಪುಂಡಿ: ಒಂದೇ ಎಲೆ ಆಳವಾಗಿ ಸೀಳಿದ್ದು, ಸೀಳುಗಳು ಬುಡದಲ್ಲಿ ಕೂಡಿರುತ್ತವೆ. ಹೂ ದೊಡ್ಡದು, ತಿಳಿ ಹಳದಿ, ನಡುವೆ ಕಡುಗೆಂಪು.

ಲಕ್ಕಿ: ಕಟ್ಟಿಗೆಯಾಗುವ ಪೊದೆ. ಕಿರುಎಲೆಗಳು 3 ಅಥವಾ 5. ಅವುಗಳ ಕೆಳಮೈ ಬೂದುಬಿಳುಪು. ಹೂಗೊಂಚಲು ನಸುನೀಲಿ.

ತನ್ನ ಜಮೀನಿನಲ್ಲಿ ಗಾಂಜಾವನ್ನು ಅಕ್ರಮವಾಗಿ ಬೆಳೆದಿರುವುದು ತಿಳಿದೂ ತಿಳಿಸದ ಹಿಡುವಳಿದಾರನು 1985ರ ಮಾದಕ ವಸ್ತುಗಳ ಕಾಯ್ದೆಯಂತೆ ಶಿಕ್ಷೆಗೆ ಗುರಿಯಾಗುತ್ತಾನೆ. ಆದ್ದರಿಂದ ಸಂಶಯ ಬಂದಲ್ಲಿ ಗಿಡವನ್ನು ಕಿತ್ತು ಮನೆಗೆ ತರದೆ, ಒಡನೆ ಪೊಲೀಸ್ ಅಥವಾ ಅಬಕಾರಿ ಅಧಿಕಾರಿಗಳಿಗೆ ತಿಳಿಸತಕ್ಕದ್ದು.