ಪಂಪು ಹೆಗಲಿಗೇರಿಸುವ ಮುಂಚೆ ಹೊಲದ ಹಕ್ಕಿಗಳನ್ನು ನೋಡಿರಿ

ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಬದುವಿನ ಮೇಲೆ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳಿರಿ. ಬೀಡಿ ಬೇಡ, ಮಾತು ಬೇಡ. ಹೊತ್ತು ಹುಟ್ಟಿದ ಮೊದಲ ಒಂದೆರಡು ಗಂಟೆ ಹಕ್ಕಿಗಳು ಹೊಟ್ಟೆಪಾಡಿಗೆ ಇಳಿಯುವ ಸಮಯ. ಯಾವ ಹಕ್ಕಿ ಎಲ್ಲಿ ಕೂತಿತು, ಏನನ್ನು ಹೆಕ್ಕಿತು, ಅಷ್ಟು ನೋಡಿದರೆ ಸಾಕು. ದುರ್ಬೀನು ಬೇಕಿಲ್ಲ.

ತಂತಿಯ ಮೇಲೆ ಕೂತ, ಕವಲು ಬಾಲದ ಕರಿಯ ಹಕ್ಕಿ ಕಾಜಾಣ. ಹಾರುವ ಪತಂಗವನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಉಳುವಾಗ ಹಿಂದೆ ಹಿಂದೆಯೇ ಬರುವ ಬೆಳ್ಳಕ್ಕಿ, ಗೊರವಂಕಗಳು ಮಣ್ಣಿನಿಂದ ಮೇಲೆದ್ದ ಹುಳುಗಳನ್ನು ಆರಿಸುತ್ತವೆ. ನಮ್ಮ ರಾಜ್ಯಪಕ್ಷಿ ನೀಲಕಂಠಕ್ಕೆ ಮಿಡತೆ, ಜೀರುಂಡೆಗಳೇ ಊಟ. ಗಿಳಿ ಮಾತ್ರ ಕಳ್ಳನೇ ಸರಿ. ಅದರ ಪರ ನಾನು ವಾದಿಸುವುದಿಲ್ಲ.

ತೊಗರಿ ಹೂವಿಗೆ ಬಂದಾಗ ಈ ನೋಟದಿಂದ ಲಾಭವುಂಟು. ಎಕರೆಗೆ 20ರಂತೆ, ಬೆಳೆಗಿಂತ ಒಂದೆರಡು ಅಡಿ ಎತ್ತರಕ್ಕೆ, ಅಡ್ಡಕಡ್ಡಿ ಕಟ್ಟಿದ ಗೂಟಗಳನ್ನು ನೆಡಿರಿ. ಕಾಜಾಣ, ಗೊರವಂಕಗಳು ಅಲ್ಲಿ ಕೂತು ಕಾಯಿಕೊರಕದ ಹುಳು ಹೆಕ್ಕುತ್ತವೆ. ಹುಳು ವಿಪರೀತವಾದರೆ ಹಕ್ಕಿಯೊಂದೇ ಸಾಲದು, ಔಷಧಿ ಹೊಡೆಯಲೇಬೇಕಾಗುತ್ತದೆ. ಜೋಳ, ಸಜ್ಜೆಯ ಹೊಲದಲ್ಲಾದರೆ ಕಾಳು ಹಾಲುಗಟ್ಟುವ ಹೊತ್ತಿಗೆ ಗೂಟ ಕಿತ್ತುಬಿಡಿ. ಇಲ್ಲವಾದರೆ ಕಾಳು ತಿನ್ನುವವರಿಗೇ ಮಣೆ ಹಾಕಿಕೊಟ್ಟಂತೆ.

ಗೂಬೆ ಕಂಡರೆ ಅಪಶಕುನವೆಂದು ಕಲ್ಲೆಸೆಯುವವರು ಇನ್ನೂ ಇದ್ದಾರೆ. ಬಿಳಿ ಮುಖದ ಕಣಜಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಮೂಳೆ ಕೂದಲುಗಳನ್ನು ಉಂಡೆ ಮಾಡಿ ಕಕ್ಕುತ್ತದೆ. ಅದು ಕೂರುವ ಜಾಗದ ಕೆಳಗೆ ಬಿದ್ದ ಉಂಡೆಯನ್ನು ಕಡ್ಡಿಯಿಂದ ಬಿಡಿಸಿ, ಇಲಿಯ ತಲೆಬುರುಡೆ ಸಿಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರ ಕಬ್ಬಿನ ಗದ್ದೆಗೆ ಬ್ರೋಮೋಡಯೋಲಾನ್ ಬಿಲ್ಲೆ ಇಡಲು ಹೇಳಿದೆ. ಇಲಿಗಳು ಸತ್ತವು. ಎರಡು ವಾರದ ನಂತರ ಅವರ ಹಳೆಯ ಪಂಪ್ ಮನೆಯಲ್ಲಿದ್ದ ಗೂಬೆ ಜೋಡಿಯಲ್ಲಿ ಒಂದು ಸತ್ತು ಬಿದ್ದಿತ್ತು. ವಿಷದಿಂದಲೇ ಸತ್ತಿತೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ವಿಷ ಸತ್ತ ಇಲಿಯ ಮೈಯಲ್ಲೂ ಉಳಿದಿರುತ್ತದೆ; ಸತ್ತವನ್ನು ದಿನಾ ಆಯ್ದು ಆಳವಾಗಿ ಹೂಳಿರೆಂದು ಹೇಳಲು ಮರೆತವನು ನಾನೇ. "ಇನ್ನು ಗದ್ದೆ ಕಾಯೋಕೆ ರಾತ್ರಿ ನೀವೇ ಬರಬೇಕು ಸ್ವಾಮಿ" ಎಂದರು ಆ ಯಜಮಾನರು. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಹೊಲದ ಹಕ್ಕಿಗಳ ಗುರುತು ಸಿಕ್ಕ ಮೇಲೆ ಮಕ್ಕಳನ್ನು ಕರೆದುಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹುಣಸೆ ಫಸಲು ಹಾಳಾದರೂ ಊರವರು ಅವನ್ನು ಓಡಿಸಿದವರಲ್ಲ. ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. 2017-18ರಲ್ಲಿ ಜಂತುಹುಳುವಿನ ಬಾಧೆಯಿಂದ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಅವು ಮೀನು ಹಿಡಿಯುವುದು ಸುತ್ತಲಿನ ಕೆರೆಗಳಲ್ಲಿ, ಅಂದರೆ ನಮ್ಮ ಗದ್ದೆಗಳ ಬಸಿನೀರು ಸೇರುವಲ್ಲಿ.

ಇನ್ನೊಂದು ದಿನ ಬಿಡುವಾದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಅರಸರ ಕಾಲದಲ್ಲಿ, 1940ರಲ್ಲಿ, ಪಕ್ಷಿಧಾಮವಾದದ್ದು. ದೋಣಿಯಲ್ಲಿ ಕುಳಿತು ಗೂಡುಗಳನ್ನು ಹತ್ತಿರದಿಂದ ನೋಡಬಹುದು. ಮಳೆಗಾಲದಲ್ಲಿ ಕಾವೇರಿ ತುಂಬಿದಾಗ ದೋಣಿ ಬಿಡುವುದಿಲ್ಲ, ವಿಚಾರಿಸಿಕೊಂಡು ಹೊರಡಿರಿ.