ಉಪ್ಪನ ಅಂಬಾಸಿಡರ್ ಮತ್ತೆ ರಸ್ತೆಗಿಳಿಯಿತು

ಗುಜರಿಯವನು ಗಾಡಿಗೆ ಒಂದು ಸುತ್ತು ಬಂದು, ಬಾನೆಟ್ ಮೇಲೆ ಎರಡು ಸಲ ತಟ್ಟಿ, ‘ಇಪ್ಪತ್ತೆರಡು ಸಾವಿರ’ ಅಂದ. ಮನೆಯ ಹಿಂದಿನ ಹಲಸಿನ ಮರದಡಿಯಲ್ಲಿ ಹನ್ನೊಂದು ವರ್ಷ ಟಾರ್ಪಾಲು ಹೊದ್ದು ನಿಂತಿದ್ದ ಗಾಡಿ ಅದು. ಜಗಲಿಯಲ್ಲಿ ಕೂತಿದ್ದ ಉಪ್ಪ ‘ಕೊಟ್ಟುಬಿಡಿ ಮಕ್ಕಳೇ, ಅದಕ್ಕೆ ಇನ್ನು ದುಡ್ಡು ಹಾಕ್ಬೇಡಿ’ ಎಂದರು. ನಾವು ಮೂವರು ಅಣ್ಣತಮ್ಮಂದಿರೂ ತಲೆಯಾಡಿಸಿದ್ದೆವು. ಆಗ ಒಳಗಿನಿಂದ ಉಮ್ಮನ ಸ್ವರ ಬಂತು. ‘ಅದು ನನ್ನ ಹನ್ನೊಂದು ಪವನ್ ಬಂಗಾರ. ಇಪ್ಪತ್ತೆರಡು ಸಾವಿರಕ್ಕೆ ಈಗ ಎಷ್ಟು ಪವನ್ ಬರ್ತದೆ, ಮೊದಲು ಅದನ್ನು ಕೇಳಿ.’

ಒಂದು ಪವನೂ ಬರುವುದಿಲ್ಲ. ಗುಜರಿಯವನು ಚಹಾ ಕುಡಿದು ಹೋದ. 2022ರ ಮಳೆಗಾಲ ಮುಗಿಯುವ ಹೊತ್ತು ಅದು.

ಗಾಡಿ 1983ರ ಮಾರ್ಕ್ 4, ಡೀಸೆಲ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಹಿಂದುಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ 50ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ತಯಾರಿಸಿದರು. ಅಷ್ಟು ವರ್ಷ ಆಕಾರ ಹೆಚ್ಚು ಬದಲಾಗಲಿಲ್ಲ. ಪೆಟ್ರೋಲ್ ದುಬಾರಿಯಾದಾಗ 1489 ಸಿಸಿಯ ಡೀಸೆಲ್ ಎಂಜಿನ್ ಬಂತು, ಬಾಡಿಗೆ ಗಾಡಿಯವರಿಗೆ ಅದೇ ಅನ್ನ ಕೊಟ್ಟಿತು. ಓಟ ಇಲ್ಲ, ಸದ್ದು ಜಾಸ್ತಿ, ಘಾಟಿಯಲ್ಲಿ ಲಾರಿಯ ಹಿಂದೆಯೇ ಹೋಗಬೇಕು. ಆದರೆ ಮುಂದಿನ ಉದ್ದ ಸೀಟಿನಲ್ಲಿ ಮೂವರು, ಹಿಂದೆ ಐವರು, ಡಿಕ್ಕಿಯಲ್ಲಿ ಅಕ್ಕಿ ಮೂಟೆ. ಗೇರ್ ಸ್ಟೇರಿಂಗ್ ಕೆಳಗೇ ಇದ್ದುದರಿಂದ ನಡುವೆ ಕೂತವನ ಮೊಣಕಾಲಿಗೆ ತೊಂದರೆಯಿಲ್ಲ.

ಉಮ್ಮನ ಬಂಗಾರ ಮಾರಿ ಉಪ್ಪ ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು. ಊರಲ್ಲಿ ಬೇರೆ ಗಾಡಿ ಇರಲಿಲ್ಲ. ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಹೆರಿಗೆ ಎಂದೇ ಲೆಕ್ಕ. ನೇತ್ರಾವತಿ ಸೇತುವೆ ದಾಟಿ ಲೇಡಿಗೋಶನ್‌ಗೆ. ಒಮ್ಮೆ ಸೇತುವೆಯ ಈಚೆಗೇ ಮಗು ಹುಟ್ಟಿಬಿಟ್ಟಿತು. ಆಗ ಇಲ್ಲಿಂದ ನೇರ ಗಲ್ಫಿಗೆ ವಿಮಾನ ಇರಲಿಲ್ಲ, ಅದು ಬಂದದ್ದು 2006ರಲ್ಲಿ. ಬೊಂಬಾಯಿ ಬಸ್ಸು ಹತ್ತಿಸುವುದಕ್ಕೆ, ಬಜ್ಪೆಗೆ ಬಿಡುವುದಕ್ಕೆ, ಎರಡು ವರ್ಷ ಕಳೆದು ಬಂದವರನ್ನು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳ ಸಮೇತ ತರುವುದಕ್ಕೆ ಇದೇ ಗಾಡಿ. ನಾವು ಮೂವರೂ ಓದಿದ್ದು ಆ ಬಾಡಿಗೆಯಲ್ಲಿ. ಆಮೇಲೆ ಹಳದಿ ಬೋರ್ಡು ಹೋಗಿ ಬಿಳಿ ಬೋರ್ಡು ಬಂತು, ಮನೆಗೊಂದು ಕಾರು ಬಂತು, 2011ರಲ್ಲಿ ಡೀಸೆಲ್ ಪಂಪು ಕೈಕೊಟ್ಟಿತು. ಗಾಡಿ ಮರದಡಿಗೆ ಹೋಯಿತು.

ರಿಪೇರಿ ಎಂದರೆ ಪೇಂಟಿನಿಂದ ಶುರು ಎಂದು ನಾವು ತಿಳಿದಿದ್ದೆವು. ಹಳೇ ಗಾಡಿ ಎಬ್ಬಿಸಲು ಹೊರಟ ಎಲ್ಲರೂ ಮಾಡುವ ತಪ್ಪು ಇದು. ಮನೆಗೆ ಬಂದ ಮೆಕ್ಯಾನಿಕ್, ಎಪ್ಪತ್ತು ದಾಟಿದವರು, ಬ್ಯಾಟರಿ ಜೋಡಿಸಲು ಹೊರಟ ನಮ್ಮ ತಮ್ಮನ ಕೈ ಹಿಡಿದು ನಿಲ್ಲಿಸಿದರು. ‘ಎಂತ ಮಾರಾಯ್ರೆ, ಹನ್ನೊಂದು ವರ್ಷ ಮಲಗಿದವನನ್ನು ಒದ್ದು ಎಬ್ಬಿಸ್ತೀರಾ?’ ಒಣಗಿದ ಎಂಜಿನ್‌ಗೆ ಸೆಲ್ಫ್ ಹೊಡೆದರೆ ತುಕ್ಕು ಹಿಡಿದ ರಿಂಗುಗಳು ಸಿಲಿಂಡರನ್ನು ಗೀರುತ್ತವೆ. ಅವರು ನಾಲ್ಕೂ ಇಂಜೆಕ್ಟರ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟು ನಾಲ್ಕು ದಿನ ಸುಮ್ಮನಿದ್ದರು. ಐದನೇ ದಿನ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಮೆಲ್ಲ ಮೆಲ್ಲ ತಿರುಗಿಸಿದರು. ಕಾಲು ಸುತ್ತು, ಮತ್ತೆ ಹಿಂದಕ್ಕೆ, ಮತ್ತೆ ಅರ್ಧ ಸುತ್ತು. ಎಂಜಿನ್ ತಿರುಗಿತು. ನಮಗಿಂತ ಉಪ್ಪನಿಗೆ ಆಶ್ಚರ್ಯ.

ಟ್ಯಾಂಕಿನೊಳಗೆ ಡೀಸೆಲ್ ಇರಲಿಲ್ಲ, ಡಾಮರಿನಂಥದ್ದೇನೋ ಇತ್ತು. ಬ್ರೇಕ್ ನಾಲ್ಕೂ ಚಕ್ರಕ್ಕೆ ಡ್ರಮ್ಮು; ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಅಂಟಿಹೋಗಿದ್ದವು. ಗಾಡಿ ಓಡುವ ಮೊದಲು ನಿಲ್ಲಬೇಕು ಎಂಬುದು ಮೆಕ್ಯಾನಿಕರ ಲೆಕ್ಕ, ಆದ್ದರಿಂದ ಮೊದಲ ಖರ್ಚು ಬ್ರೇಕಿಗೆ.

ಆಮೇಲೆ ಬಂತು ನಿಜವಾದ ತಕರಾರು. ಡೀಸೆಲ್ ಪಂಪ್ ಸರಿಮಾಡಿ ಕ್ಯಾಲಿಬ್ರೇಶನ್ ಮಾಡಲು ಒಬ್ಬರು ಹೇಳಿದ ಮೊತ್ತ ಕೇಳಿ ನಮ್ಮ ದೊಡ್ಡವರು, ಸೌದಿಯಿಂದ ಫೋನಿನಲ್ಲೇ, ‘ಬೇರೆ ಎಂಜಿನ್ ಕೂರಿಸಿ’ ಎಂದರು. ಕಡಿಮೆ ಬೆಲೆಗೆ ಬೇರೊಂದು ಡೀಸೆಲ್ ಎಂಜಿನ್ ಸಿದ್ಧವಿತ್ತು. ಓಟ ಜಾಸ್ತಿ, ಬೇಕಾದರೆ ಎ.ಸಿ.ಯೂ ಹಾಕಬಹುದು. ಇಬ್ಬರು ಒಪ್ಪಿದೆವು, ಒಬ್ಬರು ಒಪ್ಪಲಿಲ್ಲ. ವಾರಗಟ್ಟಲೆ ಮನೆಯಲ್ಲಿ ಮಾತು ಬಿಸಿಯಾಗಿತ್ತು.

ತೀರ್ಮಾನಕ್ಕೆ ತಂದದ್ದು ಸರಕಾರದ ಒಂದು ನಿಯಮ. 2021ರಲ್ಲಿ ಕೇಂದ್ರ ಸಾರಿಗೆ ಇಲಾಖೆ 50 ವರ್ಷ ಮೀರಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ವ್ಯವಸ್ಥೆ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ನಂಬರಿನಲ್ಲಿ ‘ವಿಎ’ ಅಕ್ಷರ. ದಿನವೂ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಪ್ರದರ್ಶನಕ್ಕೋ ರ‍್ಯಾಲಿಗೋ ತೆಗೆಯಬಹುದು. ಆದರೆ ಶರತ್ತು ಉಂಟು: ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಮ್ಮ ಗಾಡಿಗೆ ಐವತ್ತು ತುಂಬುವುದು 2033ಕ್ಕೆ. ಇವತ್ತು ಎಂಜಿನ್ ಬದಲಿಸಿದರೆ ಅವತ್ತು ಆ ಬಾಗಿಲು ಮುಚ್ಚಿದ ಹಾಗೆ. ದೊಡ್ಡವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಪಂಪೇ ಮಾಡಿಸಿ’ ಎಂದರು. ದುಡ್ಡೂ ಅವರೇ ಕಳಿಸಿದರು, ಇದನ್ನು ಬರೆಯಲೇಬೇಕು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿಗೆ ಮೂರು ಸಲ ಹೋದೆವು. ಕೆಲವು ಸಾಮಾನು ಕೊಲ್ಕತ್ತಾದ ಮಲ್ಲಿಕ್ ಬಜಾರಿನಿಂದ ಪಾರ್ಸೆಲ್‌ನಲ್ಲಿ ಬಂತು. ಫೋಟೊ ನೋಡಿ ತರಿಸಿದ ಎಡಬದಿಯ ಹೆಡ್‌ಲೈಟ್ ರಿಂಗು ನಮ್ಮ ಗಾಡಿಗೆ ಕೂರಲೇ ಇಲ್ಲ. ಹಳೇ ಸಾಮಾನು ಬಿಸಾಡಬೇಡಿ, ಹೊಸದನ್ನು ಪಕ್ಕದಲ್ಲಿಟ್ಟು ಅಳೆಯಲಿಕ್ಕಾದರೂ ಬೇಕಾಗುತ್ತದೆ.

ಟಿಂಕರ್ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುವುದು. ಆದ್ದರಿಂದ ಬಾಗಿಲಿನ ಕೆಳಗಿನ ಪಟ್ಟಿ, ನೆಲದ ತಗಡು, ಹಿಂದಿನ ಪ್ಲೇಟುಗಳು ಸಿಕ್ಕಿಸಿರುವ ಜಾಗ ತುಕ್ಕು ತಿಂದಿದ್ದರೆ ಮೇಲೆ ಎಷ್ಟು ಹೊಳೆದರೂ ಗಾಡಿ ಅಪಾಯ. ನಮ್ಮ ಕಡಲ ಗಾಳಿಗೆ ಇವೆಲ್ಲ ಬೇಗ ಹೋಗುತ್ತವೆ. ಕೆಲವರು ತೂತಿಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದು ಕೊಡುತ್ತಾರೆ. ಹಳೇ ಕಾರು ಕೊಳ್ಳುವವರು ಕಿಸೆಯಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅದು ಅಂಟದ ಕಡೆ ತಗಡು ಇಲ್ಲ, ಪುಟ್ಟಿ ಇದೆ ಎಂದರ್ಥ.

ನಮ್ಮ ಟಿಂಕರ್ ಪೇಂಟ್ ಕೆರೆದಾಗ ಬಿಳಿಯ ಕೆಳಗೆ ಇನ್ನೊಂದು ಬಿಳಿ, ಅದರ ಕೆಳಗೆ ತೆಳು ನೀಲಿ ಸಿಕ್ಕಿತು. ಡಿಕ್ಕಿಯ ನೆಲದಲ್ಲಿ ಎಣ್ಣೆ ಡಬ್ಬದ ತಗಡು ಕತ್ತರಿಸಿ ರಿವೆಟ್ ಹೊಡೆದು ಡಾಮರು ಬಳಿದ ತೇಪೆ. ‘ಇದನ್ಯಾರು ಮಾಡಿದ್ದು?’ ಎಂದು ಅವರು ನಕ್ಕರು. ಉಪ್ಪ ನಗಲಿಲ್ಲ. ‘ನಾನೇ. ಮರುದಿನ ಮದುವೆ ಬಾಡಿಗೆ ಇತ್ತು.’ ಬೇರೆಲ್ಲ ಕಡೆ ಹೊಸ ತಗಡು ಹಾಕಿ ವೆಲ್ಡ್ ಮಾಡಿದೆವು. ಆ ತೇಪೆಯ ಸುತ್ತ ತುಕ್ಕು ತೆಗೆಸಿ, ಕೆಳಗಿನಿಂದ ತಗಡು ಕೊಟ್ಟು, ಅದನ್ನು ಹಾಗೇ ಬಿಟ್ಟೆವು. ಬಣ್ಣದ ವಿಷಯದಲ್ಲಿ ಮತ ಹಾಕಬೇಕಾಯಿತು. ಕಂಪೆನಿಯಿಂದ ಬಂದದ್ದು ನೀಲಿ, ಆದರೆ ಊರವರು ನೋಡಿದ್ದು ಬಿಳಿ ಗಾಡಿಯನ್ನು. ಬಿಳಿ ಗೆದ್ದಿತು. ಪೇಂಟ್ ಆದದ್ದು ಮಾರ್ಚ್‌ನಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಹೊಡೆದರೆ ಒಳಗೆ ತೇವ ಸೇರಿ ಗುಳ್ಳೆ ಏಳುತ್ತದೆ.

ಒಟ್ಟು ಖರ್ಚು 3 ಲಕ್ಷ 40 ಸಾವಿರ ದಾಟಿತು. ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ತಡವಾದದ್ದಕ್ಕೆ ದಂಡ, ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ಕಾಗದಪತ್ರ ಸರಿಯಿಲ್ಲದ ಗಾಡಿಗೆ ದುಡ್ಡು ಸುರಿಯುವ ಮೊದಲು ಆರ್‌ಸಿ ಪುಸ್ತಕ ಹುಡುಕಿ. ನಮ್ಮದು ಉಮ್ಮನ ಸೀರೆ ಪೆಟ್ಟಿಗೆಯಲ್ಲಿ ಸಿಕ್ಕಿತು.

ಸೇತುವೆಯ ಹತ್ತಿರ ಹುಟ್ಟಿದ ಆ ಮಗು ಈಗ ಜುಬೈಲ್‌ನಲ್ಲಿ ಕೆಲಸದಲ್ಲಿದ್ದಾನೆ. ಸುದ್ದಿ ತಿಳಿದು ಫೋನ್ ಮಾಡಿ ‘ನನ್ನ ಗಾಡಿ ರೆಡಿ ಆಯ್ತಂತೆ’ ಎಂದ. ದುಡ್ಡೇನೂ ಕಳಿಸಲಿಲ್ಲ, ಹಿಂದಿನ ಸೀಟಿನ ಫೋಟೊ ಕೇಳಿದ.

ಗಾಡಿ ಮನೆಗೆ ಬಂದ ದಿನ ಉಪ್ಪ ಸ್ಟೇರಿಂಗ್ ಹಿಂದೆ ಕೂತರು. ಲೈಸೆನ್ಸು ಮುಗಿದಿದೆ, ಕಣ್ಣಿನ ಪೊರೆಯೂ ಬಲಿತಿದೆ, ಓಡಿಸುವ ಮಾತಿಲ್ಲ. ಹೀಟರ್ ಪ್ಲಗ್ ಕಾಯುವಷ್ಟು ಹೊತ್ತು ಯಾರೂ ಹೇಳಿಕೊಡದೆ ಕಾದು ಸೆಲ್ಫ್ ಹೊಡೆದರು. ಒಂದು ಹೊಗೆ, ಆಮೇಲೆ ಆ ಹಳೇ ಸದ್ದು. ಉಮ್ಮ ಹಿಂದಿನ ಬಾಗಿಲು ತೆಗೆದು ಕೂತು, ಹೊಸ ಸೀಟನ್ನು ಕೈಯಲ್ಲಿ ಒತ್ತಿ ನೋಡಿದರು. ‘ಹನ್ನೊಂದು ಪವನ್‌ಗೆ ಈಗ ಇವರು ಮತ್ತೆ ಎಷ್ಟು ಸೇರಿಸಿದ್ದಾರೆ?’ ಎಂದು ಉಪ್ಪನನ್ನು ಕೇಳಿದರು. ಉಪ್ಪ ಉತ್ತರ ಕೊಡಲಿಲ್ಲ. ಕ್ಲಚ್ ಎರಡು ಸಲ ಒತ್ತಿ, ‘ಸ್ವಲ್ಪ ಬಿಗಿ ಉಂಟು, ನಾಳೆ ಅವರಿಗೆ ಹೇಳಿ’ ಎಂದು ನಮ್ಮ ಕಡೆ ತಿರುಗಿದರು. ‘ಮತ್ತೆ ಆ ಹಲಸಿನ ಮರದಡಿ ನಿಲ್ಲಿಸ್ಬೇಡಿ. ಮೇಣ ಬೀಳ್ತದೆ.’